ಮಲೆನಾಡಿನ ಅಡುಗೆಮನೆಯಲ್ಲಿ ಬೆಂಕಿ ಅನಾಹುತ ತಡೆಯುವುದು ಹೇಗೆ: ಸೌದೆ ಒಲೆಯಿಂದ ಎಣ್ಣೆ ಬಾಣಲೆವರೆಗೆ ಸಮಗ್ರ ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಸೂರಿನಡಿ ಮೂರು ನಾಲ್ಕು ಬಗೆಯ ಬೆಂಕಿ ಇರುತ್ತದೆ. ಕಟ್ಟೆ ಮೇಲೆ ಗ್ಯಾಸ್, ಮೂಲೆಯಲ್ಲಿ ಸೌದೆ ಒಲೆ, ಬಚ್ಚಲಲ್ಲಿ ಹಂಡೆ ಒಲೆ, ದನ ಕಟ್ಟಿದವರಲ್ಲಿ ಗೋಬರ್ ಗ್ಯಾಸ್, ಈಚೆಗೆ ಇಂಡಕ್ಷನ್ ಕೂಡ. ಸೌದೆ ಒಲೆ ಮುಂದೆ ಪಳಗಿದ ಕೈ ಬೆಂಕಿ ಕಂಡ ಕೂಡಲೇ ನೀರಿನ ಚೊಂಬಿಗೆ ಹೋಗುತ್ತದೆ. ಸೌದೆಗೆ ಅದು ಸರಿ. ಅದೇ ನೀರು ಹೊತ್ತಿಕೊಂಡ ಎಣ್ಣೆಗೆ ಬಿದ್ದರೆ ಬಾಣಲೆಯಲ್ಲಿದ್ದ ಬೆಂಕಿ ಅಟ್ಟಕ್ಕೆ ಏರುತ್ತದೆ. ಎಚ್ಚರಿಕೆ ಕೇಳಿದವರೂ ಮತ್ತೆ ಮತ್ತೆ ಎಡವುವುದು ಇಲ್ಲೇ. ಯಾವ ಬೆಂಕಿಗೆ ಯಾವ ಕೆಲಸ ಮೊದಲು ಎಂಬುದು ಕೈಗೆ ರೂಢಿಯಾಗಿರುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಪಾಲಿಸಿ.

## ಹಂತ 1: ಒಲೆ ಹಚ್ಚುವ ಮೊದಲು ಕೈಗೆ ಸಿಗುವಂತೆ ಇಡಬೇಕಾದವು

ಬಾಣಲೆಗಿಂತ ಒಂದೆರಡು ಇಂಚು ಅಗಲವಾದ, ಹಿಡಿಕೆ ಇರುವ ಸ್ಟೀಲ್ ಅಥವಾ ಅಲ್ಯುಮಿನಿಯಂ ಮುಚ್ಚಳ ಎಲ್ಲಕ್ಕಿಂತ ಮುಖ್ಯ. ಗಾಜಿನ ಮುಚ್ಚಳ ಬೇಡ, ಬಿಸಿಗೆ ಒಡೆಯುತ್ತದೆ. ಮುಚ್ಚಳ ಪಾತ್ರೆ ಸ್ಟ್ಯಾಂಡಿನಲ್ಲಿದ್ದರೆ ಇಲ್ಲದಂತೆಯೇ ಲೆಕ್ಕ. ಕರಿಯುವಾಗ ಅದು ಒಲೆ ಪಕ್ಕದ ಕಟ್ಟೆ ಮೇಲೆಯೇ ಇರಬೇಕು.

ಇದರ ಜತೆಗೆ ಉದ್ದ ಹಿಡಿಯ ಇಕ್ಕಳ, ಒಂದು ಬಕೆಟ್ ಒಣ ಮರಳು, ಸೌದೆ ಒಲೆಯ ಪಕ್ಕಕ್ಕೆ ಒಂದು ಬಕೆಟ್ ನೀರು, ಬಾಗಿಲ ಹಿಂದೆ ಒಂದು ಉಣ್ಣೆ ಕಂಬಳಿ ಇರಲಿ. ಕಂಬಳಿ ಅಪ್ಪಟ ಉಣ್ಣೆಯದೇ ಆಗಿರಬೇಕು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ಹತ್ತಿದರೂ ಬೇಗ ಆರುತ್ತದೆ. ಸಂತೆಯಲ್ಲಿ ಸಿಗುವ ನುಣುಪಾದ ಬ್ಲಾಂಕೆಟ್ ಹೆಚ್ಚಿನವು ಪಾಲಿಯೆಸ್ಟರ್. ಕರಗಿ ಮೈಗೆ ಅಂಟಿಕೊಳ್ಳುತ್ತವೆ.

ಅನುಕೂಲ ಇದ್ದವರು ಐಎಸ್‌ಐ ಗುರುತಿನ 2 ಕೆ.ಜಿ. ಎಬಿಸಿ ಪೌಡರ್ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳಿ. ಅದನ್ನು ಒಲೆಯ ಮೇಲಿನ ಗೋಡೆಗೆ ಹಾಕಬೇಡಿ, ಹೊರಗೆ ಹೋಗುವ ಬಾಗಿಲ ಹತ್ತಿರ ಹಾಕಿ. ಬೆಂಕಿ ದಾಟಿ ಹೋಗಿ ತೆಗೆಯಬೇಕಾದ ಸಾಧನದಿಂದ ಪ್ರಯೋಜನವಿಲ್ಲ. ಮೇಲಿನ ಮೀಟರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ.

ಬಟ್ಟೆಯ ವಿಷಯ: ಸೆರಗು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ. ಚಳಿಗೆ ಸುತ್ತಿಕೊಂಡ ಶಾಲು, ಮಫ್ಲರ್‌ಗಳ ತುದಿ ಜೋತುಬಿದ್ದಿರಬಾರದು. ನೈಲಾನ್ ನೈಟಿಯಲ್ಲಿ ಒಲೆ ಮುಂದೆ ನಿಲ್ಲಬೇಡಿ, ಹತ್ತಿಯದೇ ಒಳ್ಳೆಯದು.

## ಹಂತ 2: ಅಟ್ಟ, ಇಲ್ಲಣ ಮತ್ತು ಹೊಗೆ ಕೊಳವೆ

ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಒಣಗಿಸುವ ಜಾಗವಾಗುತ್ತದೆ. ಸೌದೆ, ತೆಂಗಿನಕಾಯಿ, ಅಡಿಕೆ, ಕೆಲವೊಮ್ಮೆ ಗೋಣಿಚೀಲ ಎಲ್ಲವೂ ಅಲ್ಲಿಗೇ ಸೇರುತ್ತವೆ. ಹೊಗೆಯಲ್ಲಿ ತಿಂಗಳುಗಟ್ಟಲೆ ಒಣಗಿದ ಈ ಸಾಮಾನಿಗೆ ಒಂದು ಕಿಡಿ ಸಾಕು. ಅಟ್ಟವೇ ಬೇಡ ಎನ್ನುವುದು ಆಗುಂಬೆಯಂಥ ಮಳೆಯ ಊರಿನಲ್ಲಿ ನಡೆಯದ ಮಾತು. ಹಾಗಾಗಿ ಮೂರು ನಿಯಮ ಇಟ್ಟುಕೊಳ್ಳಿ. ಒಲೆಯ ನೇರ ಮೇಲಿನ ಭಾಗದಲ್ಲಿ ಗೋಣಿ, ಕಾಗದ, ಪ್ಲಾಸ್ಟಿಕ್, ಸೋಗೆ ಯಾವುದೂ ಬೇಡ. ಅಲ್ಲಿ ಅಟ್ಟದ ಅಡಿಗೆ ತಗಡು ಹೊಡೆಯಿಸಿ. ಕರಿಯುವ ಕೆಲಸ ಆ ಅಟ್ಟದ ಕೆಳಗೆ ಬೇಡವೇ ಬೇಡ.

ಮಾಡಿನಿಂದ ಜೋತುಬೀಳುವ ಇಲ್ಲಣ ಬರೀ ಕೊಳೆಯಲ್ಲ. ಅದು ಪೂರ್ತಿ ಉರಿಯದೆ ಉಳಿದ ಇಂಗಾಲ, ಎಣ್ಣೆ ಹಬೆ ಸೇರಿದರೆ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಉದ್ದ ಕೋಲಿಗೆ ಪೊರಕೆ ಕಟ್ಟಿ ಪೂರ್ತಿ ತೆಗೆಯಿರಿ. ಒಲೆ ತಣ್ಣಗಿರುವ ದಿನ ಈ ಕೆಲಸ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅಸ್ತ್ರ ಒಲೆಯೋ ಬೇರೆ ಯಾವುದೋ ಕೊಳವೆ ಇರುವ ಒಲೆಯಾದರೆ ಕೊಳವೆಯ ಒಳಗೂ ಮಸಿ ಕಟ್ಟುತ್ತದೆ. ಹಸಿ ಸೌದೆ ಉರಿಸಿದಷ್ಟೂ ಅದು ಟಾರಿನಂತೆ ಅಂಟಂಟಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ಶುಚಿ ಮಾಡಿ. ಒಲೆ ಬಾಯಿಂದ ಹೊಗೆ ಹಿಂದಕ್ಕೆ ಬರುವುದು, ಸೌದೆ ಸರಿಯಾಗಿ ಹಿಡಿಯದಿರುವುದು ಕೊಳವೆ ಕಟ್ಟಿದ ಲಕ್ಷಣ. ಕೊಳವೆಯಿಂದ ಭರ್ರೆಂದು ಸದ್ದು ಬಂದು ತುದಿಯಲ್ಲಿ ಕಿಡಿ ಹಾರಿದರೆ ಒಳಗಿನ ಮಸಿಗೇ ಬೆಂಕಿ ಹತ್ತಿದೆ ಎಂದು ತಿಳಿಯಿರಿ. ಆಗ ಸೌದೆ ಹೊರಗೆಳೆದು ಆರಿಸಿ, ಒಲೆಯ ಬಾಯಿಗೆ ತಗಡು ಅಡ್ಡ ಇಟ್ಟು ಗಾಳಿ ನಿಲ್ಲಿಸಿ. ಕೊಳವೆಯೊಳಗೆ ನೀರು ಸುರಿದರೆ ಅದು ಬಿರಿದು ಬೆಂಕಿ ಮಾಡಿಗೆ ದಾಟುತ್ತದೆ.

## ಹಂತ 3: ಸೌದೆ ಒಲೆ ಹಚ್ಚುವುದು, ಆರಿಸುವುದು

ಮಳೆಗಾಲದಲ್ಲಿ ಕಡ್ಡಿಪೆಟ್ಟಿಗೆ ತೇವ, ಸೌದೆಯೂ ತೇವ. ಸೀಮೆಎಣ್ಣೆ ಸಿಗುವುದು ಕಷ್ಟವಾದ ಮೇಲೆ ಕಳೆ ಕೊಚ್ಚುವ ಯಂತ್ರಕ್ಕೆ ತಂದ ಪೆಟ್ರೋಲನ್ನು ಒಲೆಗೆ ಚಿಮುಕಿಸುವ ಅಪಾಯಕಾರಿ ರೂಢಿ ಕೆಲವೆಡೆ ಬಂದಿದೆ. ಇದನ್ನು ಇವತ್ತೇ ನಿಲ್ಲಿಸಿ. ಪೆಟ್ರೋಲಿನ ಆವಿ ಕಡ್ಡಿ ಗೀರುವ ಮೊದಲೇ ಒಲೆಯ ಸುತ್ತ ಹರಡಿರುತ್ತದೆ. ಕಡ್ಡಿ ಗೀರಿದಾಗ ಸೌದೆಯ ಜತೆ ಆ ಆವಿಯೂ ಒಮ್ಮೆಲೇ ಹೊತ್ತಿ ಮುಖಕ್ಕೆ ಬಡಿಯುತ್ತದೆ. ಬೂದಿಯಡಿ ಕೆಂಡ ಉಳಿದಿದ್ದರೆ ಕಡ್ಡಿಯೂ ಬೇಕಾಗಿಲ್ಲ. ಪೆಟ್ರೋಲ್ ಕ್ಯಾನ್ ಅಡುಗೆಮನೆ, ಬಚ್ಚಲು, ಅವುಗಳ ಪಕ್ಕದ ಕೋಣೆ ಎಲ್ಲೂ ಇರಬಾರದು.

ಬದಲಿಗೆ ಬೇಸಿಗೆಯಲ್ಲೇ ಒಂದು ಡಬ್ಬಿ ತುಂಬ ತೆಂಗಿನ ನಾರು, ಕರಟದ ಚೂರು, ಒಣ ಅಡಿಕೆ ಹಾಳೆಯ ಪಟ್ಟಿ ತುಂಬಿ ಬಿಗಿಯಾಗಿ ಮುಚ್ಚಿಡಿ. ಕಡ್ಡಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಹಿಡಿಯುವುದಿಲ್ಲ. ನಾರು ಅಡಿಗೆ, ಅದರ ಮೇಲೆ ಹಾಳೆ, ಆಮೇಲೆ ಬೆರಳು ದಪ್ಪದ ಪುರಳೆ, ಕೊನೆಗೆ ಸೌದೆ.

ಸೌದೆಯ ಹಿಂಭಾಗ ಒಲೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಉರಿಯುತ್ತ ಉರಿಯುತ್ತ ತೂಕ ತಪ್ಪಿ ಕೊಳ್ಳಿ ನೆಲಕ್ಕೆ ಉರುಳುತ್ತದೆ. ಒಲೆಯ ಬಾಯಿಂದ ಮೂರಡಿ ಜಾಗದಲ್ಲಿ ಉರಿಯುವ ಸಾಮಾನು ಯಾವುದೂ ಇರಬಾರದು. ನಾಳೆಯ ಸೌದೆಯೂ ಅಲ್ಲಿ ಬೇಡ. ಬಚ್ಚಲ ಒಲೆಗೂ ಇದೇ ಲೆಕ್ಕ. ಹಂಡೆಯ ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿ ರಾತ್ರಿ ಮಲಗಬೇಡಿ. ಬಟ್ಟೆ ಒಣಗಿ ಹಗುರಾದಾಗ ಗಾಳಿಗೆ ಜಾರಿ ಬೀಳುವುದು ನೇರ ಒಲೆಗೇ.

ಬೂದಿಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಹುದು. ಪ್ಲಾಸ್ಟಿಕ್ ಬುಟ್ಟಿಗೆ ತುಂಬಿ ಕೊಟ್ಟಿಗೆಯ ದರಗಿನ ರಾಶಿ ಪಕ್ಕ ಇಡಬೇಡಿ. ಕಬ್ಬಿಣದ ಬುಟ್ಟಿಗೆ ಹಾಕಿ, ನೀರು ಚಿಮುಕಿಸಿ, ಅಂಗಳದಲ್ಲಿ ಒಂದು ದಿನ ಬಿಟ್ಟು ಆಮೇಲೆ ಗೊಬ್ಬರದ ಗುಂಡಿಗೆ ಸುರಿಯಿರಿ.

## ಹಂತ 4: ಗ್ಯಾಸ್ ಸಿಲಿಂಡರ್

ಬಂದ ಕೂಡಲೇ ನೋಡಬೇಕಾದ್ದು. ಸಿಲಿಂಡರಿನ ಮೇಲಿನ ಹಿಡಿಕೆಯನ್ನು ಹೊತ್ತ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಗೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ‘ಬಿ 27’ ಎಂದಿದ್ದರೆ 2027ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಗಡುವು ಮೀರಿದ್ದನ್ನು ಅಲ್ಲೇ ವಾಪಸ್ ಕಳಿಸಿ. ಸೀಲ್ ತೆಗೆದ ಮೇಲೆ ವಾಲ್ವಿನೊಳಗಿನ ಕಪ್ಪು ರಬ್ಬರ್ ರಿಂಗ್ ಇದೆಯೇ, ಸೀಳಿದೆಯೇ ನೋಡಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದಲೇ.

ಬದಲಿಸುವಾಗ. ಸೌದೆ ಒಲೆಯಲ್ಲಿ ಕೆಂಡ, ದೇವರ ಮುಂದೆ ದೀಪ, ಪಕ್ಕದ ಬಚ್ಚಲಲ್ಲಿ ಉರಿ ಇದ್ದಾಗ ಸಿಲಿಂಡರ್ ಬದಲಿಸಬೇಡಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಮಾಡುವುದು ಸರಿ. ಕ್ರಮ ಹೀಗಿರಲಿ:

1. ಒಲೆಯ ನಾಬ್‌ಗಳನ್ನೂ ರೆಗ್ಯುಲೇಟರನ್ನೂ ಮುಚ್ಚಿ. ಬಾಗಿಲು ಕಿಟಕಿ ತೆರೆಯಿರಿ.
2. ಖಾಲಿ ಸಿಲಿಂಡರಿನ ರೆಗ್ಯುಲೇಟರ್ ತೆಗೆದು, ಅದಕ್ಕೆ ದಾರದಲ್ಲಿ ಕಟ್ಟಿದ ಪ್ಲಾಸ್ಟಿಕ್ ಕ್ಯಾಪ್ ಹಾಕಿ ಆಚೆಗೆ ಸಾಗಿಸಿ.
3. ಹೊಸದನ್ನು ನೆಟ್ಟಗೆ ನಿಲ್ಲಿಸಿ. ಅಡ್ಡ ಮಲಗಿಸಿ ಯಾವತ್ತೂ ಬಳಸಬೇಡಿ. ರೆಗ್ಯುಲೇಟರ್ ಕೂರಿಸಿ, ಭದ್ರವಾಗಿ ಕೂತಿದೆಯೇ ನೋಡಿ.
4. ಒಲೆಯ ನಾಬ್ ಮುಚ್ಚಿರುವಾಗಲೇ ರೆಗ್ಯುಲೇಟರ್ ತೆರೆದು, ವಾಲ್ವಿನ ಸುತ್ತ ಮತ್ತು ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳುತ್ತಿದ್ದರೆ ಸೋರಿಕೆ. ಕಡ್ಡಿ ಗೀರಿ ಪರೀಕ್ಷಿಸಬೇಡಿ.

ಪೈಪು. ಒಳಗೆ ತಂತಿ ಇರುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಹಂಚಿನ ಮನೆಗಳಲ್ಲಿ ಇಲಿ ಕಾಟ ಇದ್ದೇ ಇರುತ್ತದೆ. ಸಿಲಿಂಡರಿನ ಹಿಂದೆ, ಕಟ್ಟೆಯ ತೂತಿನಲ್ಲಿ ಹಾದುಹೋಗುವ ಭಾಗವನ್ನು ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಹಲ್ಲಿನ ಗುರುತು ಕಂಡರೆ ಟೇಪ್ ಸುತ್ತಬೇಡಿ, ಪೈಪನ್ನೇ ಬದಲಿಸಿ. ರಾತ್ರಿ ಮಲಗುವಾಗ, ತೋಟಕ್ಕೆ ಹೊರಡುವಾಗ ರೆಗ್ಯುಲೇಟರ್ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.

ವಾಸನೆ ಬಂದರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಹಳೆಯ ಮನೆಗಳ ಎತ್ತರದ ಹೊಸ್ತಿಲು ಅದನ್ನು ಒಳಗೇ ತಡೆದು ನಿಲ್ಲಿಸಬಹುದು. ಮಳೆಗೆ ಕಿಟಕಿ ಮುಚ್ಚಿದ್ದರೆ ಇನ್ನೂ ಕಷ್ಟ. ಮೊದಲು ರೆಗ್ಯುಲೇಟರ್ ಮುಚ್ಚಿ. ಸ್ವಿಚ್ ಹಾಕಬೇಡಿ, ಹಾಕಿರುವುದನ್ನು ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆತನ್ನಿ, ಅಂಗಳ ದಾಟಿದ ಮೇಲೆ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ತುರ್ತು ಸಹಾಯವಾಣಿ.

## ಹಂತ 5: ಗೋಬರ್ ಗ್ಯಾಸ್ ಇದ್ದವರಿಗೆ

ಇದರ ಸ್ವಭಾವ ಎಲ್‌ಪಿಜಿಗೆ ತದ್ವಿರುದ್ಧ. ಉರಿಯುವ ಅಂಶ ಮೀಥೇನ್ ಆದ್ದರಿಂದ ಸೋರಿದ್ದು ಮೇಲಕ್ಕೆ ಹೋಗುತ್ತದೆ. ಹಂಚಿನ ಮಾಡಾದರೆ ಸಂದಿಯಲ್ಲಿ ಹೊರಗೆ ಹೋದೀತು. ಆರ್‌ಸಿಸಿ ಅಡುಗೆಮನೆಯಲ್ಲಿ ಗೋಡೆಯ ಮೇಲ್ತುದಿಗೆ ಗಾಳಿಕಿಂಡಿ ಇರಲೇಬೇಕು.

ಪೈಪಿನಲ್ಲಿ ನೀರು ನಿಂತರೆ ಉರಿ ಕುಣಿದು ಆರುತ್ತದೆ, ಆಮೇಲೆ ಗ್ಯಾಸ್ ಸುಮ್ಮನೆ ಹೊರಬರುತ್ತಲೇ ಇರುತ್ತದೆ. ಪೈಪಿನ ತಗ್ಗಿನಲ್ಲಿರುವ ನೀರು ತೆಗೆಯುವ ನಲ್ಲಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ಖಾಲಿ ಮಾಡಿ. ಹೊಸದಾಗಿ ತುಂಬಿದ ಗುಂಡಿಯ ಮೊದಲ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚಬೇಡಿ, ಹೊರಗೆ ಬಿಟ್ಟುಬಿಡಿ.

## ಹಂತ 6: ಕರಿಯುವ ಕೆಲಸ

ಅಡುಗೆಮನೆಯ ದೊಡ್ಡ ಅಪಾಯ ಇದೇ. ಹಲಸಿನ ಹಪ್ಪಳ, ಚಿಪ್ಸ್, ಸಂಡಿಗೆ ಎಂದು ಗಂಟೆಗಟ್ಟಲೆ ಎಣ್ಣೆ ಕಾಯುವ ಕಾಲದಲ್ಲಂತೂ ಪೂರ್ತಿ ಗಮನ ಬೇಕು.

ಕರಿಯಲು ಬೇಕಾದ ಬಿಸಿ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್. ಗಾಣದ ಕೊಬ್ಬರಿ ಎಣ್ಣೆ ಹೊಗೆಯಾಡಲು ಶುರುವಾಗುವುದೂ ಹೆಚ್ಚುಕಡಿಮೆ ಅದೇ ಬಿಸಿಗೆ. ಅಂದರೆ ಕೊಬ್ಬರಿ ಎಣ್ಣೆಯಲ್ಲಿ ಕರಿಯುವವರಿಗೆ ತಪ್ಪಲು ಅವಕಾಶವೇ ಇಲ್ಲ. ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230 ಡಿಗ್ರಿವರೆಗೆ ತಡೆಯುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಳಸಿದಂತೆ ಹೊಗೆಯಾಡುವ ಮಟ್ಟ ಇನ್ನೂ ಕೆಳಗಿಳಿಯುತ್ತದೆ. ಹೋದ ವಾರ ಸರಿಯಾಗಿದ್ದ ಉರಿ ಈ ವಾರ ಅದೇ ಎಣ್ಣೆಗೆ ಹೆಚ್ಚಾಗುವುದು ಇದರಿಂದಲೇ.

1. ಬಾಣಲೆ ಪೂರ್ತಿ ಒಣಗಿರಲಿ. ಎಣ್ಣೆ ಮೂರನೇ ಒಂದು ಭಾಗ ಸಾಕು, ಅರ್ಧ ದಾಟಲೇಬಾರದು.
2. ಬಾಣಲೆ ಅಲುಗಾಡದಂತೆ ಕೂರಬೇಕು. ತಳ ದುಂಡಗಿದ್ದರೆ ಗ್ಯಾಸ್ ಒಲೆಗೆ ಉಂಗುರದ ಸ್ಟ್ಯಾಂಡ್ ಇಡಿ. ಹಿಡಿಕೆ ಕಟ್ಟೆಯಿಂದ ಹೊರಗೆ ಚಾಚಿರಬಾರದು.
3. ಮಧ್ಯಮ ಉರಿಯಲ್ಲಿ ಕಾಯಿಸಿ. ಒಂದು ಚೂರು ಹಾಕಿ ನೋಡಿ: ತಳಕ್ಕೆ ಹೋಗಿ ಗುಳ್ಳೆಯೊಂದಿಗೆ ಮೇಲೆ ಬಂದರೆ ಸರಿ; ಬಿದ್ದಲ್ಲೇ ಕಪ್ಪಾದರೆ ಬಿಸಿ ಮೀರಿದೆ.
4. ತೆಳು ಹೊಗೆ, ಮೂಗಿಗೆ ಹೊಡೆಯುವ ವಾಸನೆ ಬಂದರೆ ಉರಿ ಆರಿಸಿ. ‘ಸ್ವಲ್ಪ ಸಣ್ಣ ಮಾಡಿದರೆ ಸಾಕು’ ಅನ್ನಬೇಡಿ. ಹೊಗೆ ನಿಂತು ಹತ್ತು ನಿಮಿಷದ ಮೇಲೆ ಮತ್ತೆ ಹಚ್ಚಿ.

ಹಲಸಿನಕಾಯಿ ಚಿಪ್ಸಿಗೆ ಉಪ್ಪುನೀರನ್ನು ಕಾದ ಎಣ್ಣೆಗೇ ಹಾಕುವ ಪದ್ಧತಿ ಇದೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ನೊರೆ ಒಮ್ಮೆಲೇ ಮೇಲೆದ್ದು ಬಾಣಲೆ ಅಂಚು ದಾಟಿ ಉರಿಗೆ ಸುರಿಯುತ್ತದೆ. ಕರಿದು ತೆಗೆದ ಮೇಲೆ ಬಿಸಿ ಇರುವಾಗಲೇ ಪುಡಿ ಉಪ್ಪು ಹಾಕಿ ಕುಲುಕುವುದು ಉತ್ತಮ. ಉಪ್ಪುನೀರೇ ಬೇಕೆನ್ನುವವರು ಉರಿ ಪೂರ್ತಿ ಸಣ್ಣ ಮಾಡಿ, ಒಂದು ಸಣ್ಣ ಚಮಚದಷ್ಟನ್ನು ಅಂಚಿನಿಂದ ಬಿಟ್ಟು, ನೊರೆ ಇಳಿಯುವವರೆಗೆ ಹಿಂದೆ ನಿಲ್ಲಬೇಕು. ಆಗ ಎಣ್ಣೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರಕೂಡದು. ತೊಳೆ ಹೆಚ್ಚಿದ ಮೇಲೆ ಬಟ್ಟೆಯ ಮೇಲೆ ಹರವಿ ನೀರು ಆರಿಸಿಯೇ ಹಾಕಿ. ಸರಿಯಾಗಿ ಒಣಗದ ಸಂಡಿಗೆಯೂ ಹೀಗೇ ಸಿಡಿಯುತ್ತದೆ.

ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಡಿಮೆ, ಆದ್ದರಿಂದ ಅರೆ ನಿಮಿಷದಲ್ಲೇ ಹೊಗೆಯೇಳುತ್ತದೆ. ಸಾಸಿವೆ, ಮೆಣಸಿನಕಾಯಿ, ಕರಿಬೇವು ಪಕ್ಕದಲ್ಲಿಟ್ಟುಕೊಂಡೇ ಒಲೆ ಹಚ್ಚಿ. ಕರಿಬೇವಿನ ನೀರು ಒರೆಸಿ.

ಕರಿಯುವಾಗ ಫೋನ್ ಬಂದರೂ, ಬಾಗಿಲು ತಟ್ಟಿದರೂ, ಕರು ಬಿಚ್ಚಿಕೊಂಡರೂ ಮೊದಲು ಉರಿ ಆರಿಸಿ, ಆಮೇಲೆ ಹೋಗಿ. ಕೊಟ್ಟೆ ಕಡುಬು, ಪತ್ರೊಡೆ ಬೇಯಿಸುವವರೂ ಅಡಿಯ ಪಾತ್ರೆಯ ನೀರನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು.

## ಹಂತ 7: ಇಂಡಕ್ಷನ್ ಮತ್ತು ಕರೆಂಟ್

2,000 ವಾಟ್‌ನ ಇಂಡಕ್ಷನ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಮಿಕ್ಸಿಯ 6 ಆಂಪ್ ಸಾಕೆಟ್ಟಿಗೆ ಅದನ್ನು ಸಿಕ್ಕಿಸಬಾರದು. 16 ಆಂಪ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಪ್ಲಗ್ ಮುಟ್ಟಿದರೆ ಬಿಸಿ, ಸಾಕೆಟ್ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ ವಾಸನೆ ಇವು ಅಪಾಯದ ಲಕ್ಷಣಗಳು. ಗಾಳಿಮಳೆಗೆ ಕರೆಂಟ್ ಹೋದಾಗ ನೀರು ಕಾಯಿಸುವ ಕಾಯಿಲ್, ಎಲೆಕ್ಟ್ರಿಕ್ ಒಲೆಗಳ ಸ್ವಿಚ್ ಆರಿಸಿ ಪ್ಲಗ್ ತೆಗೆದಿಡಿ. ಮಧ್ಯರಾತ್ರಿ ಕರೆಂಟ್ ಬಂದರೆ ಅವು ತಾವಾಗಿಯೇ ಕಾಯತೊಡಗುತ್ತವೆ.

## ಹಂತ 8: ಬೆಂಕಿ ಹತ್ತಿಯೇಬಿಟ್ಟರೆ

ಬಾಣಲೆಗೆ ಹತ್ತಿದರೆ: ಕೈಗೆ ಸಿಗುವಂತಿದ್ದರೆ ಉರಿ ಆರಿಸಿ. ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ, ಮೇಲಿಂದ ಎಸೆಯಬೇಡಿ. ಬಾಣಲೆ ಎತ್ತಿಕೊಂಡು ಅಂಗಳಕ್ಕೆ ಓಡಬೇಡಿ, ಹಾಗೆ ಓಡಿದರೆ ಉರಿಯುವ ಎಣ್ಣೆ ಕೈಕಾಲಿಗೆ ಚೆಲ್ಲುತ್ತದೆ. ಆರಿತೇ ಎಂದು ಮುಚ್ಚಳ ತೆಗೆದು ಇಣುಕಿದರೆ ಗಾಳಿ ಸೇರಿ ಮತ್ತೆ ಹೊತ್ತಿಕೊಳ್ಳುತ್ತದೆ. ಕಡೇಪಕ್ಷ ಅರ್ಧ ಗಂಟೆ ಹಾಗೇ ಬಿಡಿ. ಹಿಟ್ಟು ಸುರಿಯಬೇಡಿ, ಅದೂ ಉರಿಯುತ್ತದೆ. ಪೌಡರ್ ಸಿಲಿಂಡರ್ ಬಳಸುವುದಾದರೆ ಆರೇಳು ಅಡಿ ದೂರದಿಂದ. ಹತ್ತಿರದಿಂದ ಹೊಡೆದರೆ ಅದರ ರಭಸಕ್ಕೆ ಎಣ್ಣೆ ಸಿಡಿಯುತ್ತದೆ.

ಸೌದೆ, ಬಟ್ಟೆ, ಗೋಣಿಗೆ: ನೀರು ಅಥವಾ ಮರಳು. ಇಂಡಕ್ಷನ್, ಸಾಕೆಟ್ಟಿಗೆ: ಮೊದಲು ಮೇನ್ ಸ್ವಿಚ್; ನೀರು ಬೇಡ.

ಮೈಮೇಲಿನ ಬಟ್ಟೆಗೆ: ಓಡಬೇಡಿ, ನೆಲಕ್ಕೆ ಮಲಗಿ ಹೊರಳಾಡಿ. ಇತರರು ಕಂಬಳಿ ಹೊದಿಸಿ ಒತ್ತಲಿ.

ಅಟ್ಟಕ್ಕೆ ಹತ್ತಿದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಎಲ್ಲರೂ ಹೊರಗೆ ಬನ್ನಿ, ಬರುವಾಗ ಅಡುಗೆಮನೆ ಬಾಗಿಲು ಎಳೆದುಕೊಳ್ಳಿ. 112ಕ್ಕೆ ಫೋನ್ ಮಾಡಿ. ಮನೆಯ ಸುತ್ತ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಮಕ್ಕಳಿಗೂ ಗೊತ್ತಿರಬೇಕು. ಊರು, ತಾಲೂಕು, ಡಾಂಬರು ರಸ್ತೆಯಿಂದ ತಿರುಗುವ ಜಾಗದ ಗುರುತು ಹೇಳಿ, ಒಬ್ಬರು ಟಾರ್ಚ್ ಹಿಡಿದು ಆ ತಿರುವಿನಲ್ಲಿ ನಿಲ್ಲಿ. ಅಗ್ನಿಶಾಮಕ ವಾಹನ ತಾಲೂಕು ಕೇಂದ್ರದಿಂದ ಘಟ್ಟದ ದಾರಿಯಲ್ಲಿ ಬರಬೇಕು. ಅಡ್ಡದಾರಿಯಲ್ಲಿ ತಪ್ಪಿದರೆ ಅಮೂಲ್ಯ ಸಮಯ ಹೋಗುತ್ತದೆ. ಬೆಂಕಿ ಕೊಟ್ಟಿಗೆ ತಲುಪದಿದ್ದರೆ ಮಾತ್ರ ದನಗಳ ಕಣ್ಣಿ ಬಿಚ್ಚಿ. ಮನೆಯೊಳಗಿನ ಸಾಮಾನಿಗೆ ಯಾರೂ ಮರಳಬಾರದು.

## ಹಂತ 9: ಸುಟ್ಟ ಗಾಯಕ್ಕೆ

ಬಳೆ, ಉಂಗುರ ಕೂಡಲೇ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಮಕ್ಕಳಾದರೆ ಗಾಯಕ್ಕೆ ಮಾತ್ರ ನೀರು ಬಿಟ್ಟು ಉಳಿದ ಮೈಗೆ ಹೊದಿಸಿ, ಮಳೆಗಾಲದಲ್ಲಿ ನಮ್ಮ ಕಡೆಯ ನೀರು ಬಹಳ ಕೊರೆಯುತ್ತದೆ. ಪೇಸ್ಟ್, ಬೆಣ್ಣೆ, ಜೇನುತುಪ್ಪ, ಐಸ್ ಏನೂ ಹಚ್ಚಬೇಡಿ. ಅಂಟಿಕೊಂಡ ಬಟ್ಟೆ ಕೀಳಬೇಡಿ, ಗುಳ್ಳೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಕೀಲಿನ ಮೇಲಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

## ಹಂತ 10: ಮತ್ತೆ ಒಲೆ ಹಚ್ಚುವ ಮೊದಲು

ಸಣ್ಣ ಬೆಂಕಿ ಆರಿತೆಂದು ಅದೇ ಸಂಜೆ ಅಡುಗೆಗೆ ಇಳಿಯಬೇಡಿ. ಹೊತ್ತಿಕೊಂಡ ಎಣ್ಣೆಯನ್ನು ಪೂರ್ತಿ ತಣಿದ ಮೇಲೆ ಚೆಲ್ಲಿ. ಗ್ಯಾಸ್ ಪೈಪಿಗೆ ಬಿಸಿ ತಾಗಿದ್ದರೆ ನೋಡಲು ಸರಿಯಾಗಿದ್ದರೂ ಹೊಸದು ಹಾಕಿಸಿ, ರೆಗ್ಯುಲೇಟರನ್ನು ಏಜೆನ್ಸಿಯ ಮೆಕ್ಯಾನಿಕ್‌ಗೆ ತೋರಿಸಿ. ಗೋಡೆಯ ವೈರಿಂಗ್ ಕಪ್ಪಾಗಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಆ ಭಾಗದ ಎಂಸಿಬಿ (ಮೀಟರ್ ಬೋರ್ಡಿನ ಸುರಕ್ಷಾ ಸ್ವಿಚ್) ಇಳಿಸಿಯೇ ಇರಲಿ. ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಿ, ಜಂತಿ, ರೀಪುಗಳ ಸಂದಿಗೆ ಹಿಂಗೈ ಹತ್ತಿರ ಹಿಡಿದು ಬಿಸಿ ಇದೆಯೇ ನೋಡಿ. ಮರದೊಳಗೆ ಕೆಂಡ ಹೊಗೆಯಿಲ್ಲದೆಯೂ ಕುಳಿತಿರುತ್ತದೆ. ಬಿಸಿ ತಾಗಿದಲ್ಲಿ ನೀರು ಹೊಡೆದು, ಆ ರಾತ್ರಿ ಎರಡು ಗಂಟೆಗೊಮ್ಮೆ ಒಬ್ಬರು ಎದ್ದು ಟಾರ್ಚ್ ಹಾಕಿ ನೋಡಿ.